ಚರ್ಚೆಯ ವೇದಿಕೆ ಹತ್ತುವ ಲೆಕ್ಕ: ‘ಅಥವಾ’ ಹೋಗಿ ‘ಮತ್ತು’ ಬಂದಾಗ

ಪ್ರಶ್ನೆ: ಅಮೆರಿಕದ ಡೆಮಾಕ್ರಟಿಕ್ ಪಕ್ಷ ಎಲ್ಲ ಬಣ್ಣದವರ ಪಕ್ಷ ಎನ್ನುತ್ತಾರೆ. ಆದರೆ 2020ರ ಜನವರಿ 14ರಂದು ಅಯೋವಾದಲ್ಲಿ ನಡೆದ ಪ್ರೈಮರಿ (ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಚರ್ಚೆಯಲ್ಲಿ ನಿಂತ ಆರೂ ಜನ ಬಿಳಿಯರು. ನಿಯಮದಲ್ಲಿ ಬಣ್ಣದ ಮಾತೇ ಇರಲಿಲ್ಲವಲ್ಲ, ಹಾಗಾದರೆ ಹೀಗೇಕಾಯಿತು?
— ಓದುಗರೊಬ್ಬರು, ದಾವಣಗೆರೆ

ಉತ್ತರ: 2019ರ ಜೂನ್‌ನಲ್ಲಿ ಮಯಾಮಿಯಲ್ಲಿ ಮೊದಲ ಚರ್ಚೆ ನಡೆದಾಗ ಒಳಗೆ ಬರಲು ಎರಡು ಬಾಗಿಲುಗಳಿದ್ದವು. ಪಕ್ಷ ಒಪ್ಪಿದ ಮೂರು ಸಮೀಕ್ಷೆಗಳಲ್ಲಿ ಶೇ 1ರಷ್ಟು ಬೆಂಬಲ. ಅಥವಾ 65,000 ದೇಣಿಗೆದಾರರು, ಅದರಲ್ಲೂ ಕನಿಷ್ಠ 20 ರಾಜ್ಯಗಳಿಂದ ತಲಾ 200 ಮಂದಿ. 20 ಜನ ಬಂದರು. ಎರಡು ರಾತ್ರಿಗೆ ಹಂಚುವಾಗ ಸಮೀಕ್ಷೆಯ ಸರಾಸರಿಯಲ್ಲಿ ಶೇ 2 ಮುಟ್ಟಿದವರದ್ದೊಂದು, ಮುಟ್ಟದವರದ್ದೊಂದು ಗುಂಪು ಮಾಡಿ ಎರಡರಿಂದಲೂ ಚೀಟಿ ಎತ್ತಿದರು. 2015ರಲ್ಲಿ ರಿಪಬ್ಲಿಕನ್ನರ ಚರ್ಚೆಯಲ್ಲಿ ಮೊದಲ ಹತ್ತು ಮಂದಿಗೆ ದೊಡ್ಡ ವೇದಿಕೆ, ಉಳಿದವರಿಗೆ ಅದಕ್ಕೂ ಮುಂಚೆ ಚಿಕ್ಕದೊಂದು ವೇದಿಕೆ ಎಂಬ ಪಂಕ್ತಿಭೇದ ನಡೆದಿತ್ತು. ಅದು ಬೇಡ ಎಂದೇ ಈ ಏರ್ಪಾಡು.

ಸೆಪ್ಟೆಂಬರ್‌ನ ಹ್ಯೂಸ್ಟನ್ ಚರ್ಚೆಗೆ ‘ಅಥವಾ’ ಹೋಗಿ ‘ಮತ್ತು’ ಬಂತು: ನಾಲ್ಕು ಸಮೀಕ್ಷೆಗಳಲ್ಲಿ ಶೇ 2, ಜೊತೆಗೆ 1,30,000 ದೇಣಿಗೆದಾರರು. ಡಿಸೆಂಬರ್‌ಗೆ ಅದು ಶೇ 4 ಮತ್ತು 2 ಲಕ್ಷ. ಜನವರಿಗೆ ಶೇ 5 (ಇಲ್ಲವೇ ಮೊದಲು ಮತ ಹಾಕುವ ಅಯೋವಾ, ನ್ಯೂ ಹ್ಯಾಂಪ್‌ಶೈರ್, ನೆವಾಡಾ, ಸೌತ್ ಕ್ಯಾರೊಲಿನಾ ಈ ನಾಲ್ಕು ರಾಜ್ಯಗಳ ಎರಡು ಸಮೀಕ್ಷೆಗಳಲ್ಲಿ ಶೇ 7) ಮತ್ತು 2,25,000. ಸ್ಪರ್ಧಿಗಳಾದ ಕಪ್ಪು ಜನಾಂಗದ ಕೋರಿ ಬೂಕರ್, ಲ್ಯಾಟಿನೊ ಮೂಲದ ಹುಲಿಯನ್ ಕ್ಯಾಸ್ಟ್ರೊ ಇಬ್ಬರೂ ಡಿಸೆಂಬರ್‌ಗೆ ಬೇಕಾದ ದೇಣಿಗೆದಾರರನ್ನು ಕೂಡಿಸಿದ್ದರು, ಎಡವಿದ್ದು ಸಮೀಕ್ಷೆಯಲ್ಲಿ. ಹಳೆಯ ‘ಅಥವಾ’ ವಾಪಸ್ ತನ್ನಿ ಎಂದು ಬೂಕರ್ ಬರೆದ ಪತ್ರಕ್ಕೆ, ಆಗಲೇ ಅರ್ಹತೆ ಪಡೆದಿದ್ದ ಎದುರಾಳಿಗಳೂ ಸಹಿ ಹಾಕಿದರು. ಪಕ್ಷ ಒಪ್ಪಲಿಲ್ಲ. ಎಲ್ಲವನ್ನೂ ನಿಯಮದ ತಲೆಗೇ ಕಟ್ಟಲಾಗದು, ನಿಜ: ಕಮಲಾ ಹ್ಯಾರಿಸ್ ಡಿಸೆಂಬರ್ ಚರ್ಚೆಗೆ ಅರ್ಹರಾಗಿದ್ದರೂ ಕೈಯಲ್ಲಿ ದುಡ್ಡಿಲ್ಲದೆ ಕಣದಿಂದ ಸರಿದರು.

ಸಮೀಕ್ಷೆಯಲ್ಲಿ ಎಡವುವುದು ಎಂದರೇನು ಎಂಬುದನ್ನು ಬಿಡಿಸಿ ನೋಡಬೇಕು. ಒಂದು ರಾಜ್ಯದಲ್ಲಿ 400 ಮತದಾರರನ್ನು ಕೇಳಿದರು ಎನ್ನಿ. ಶೇ 5 ಎಂದರೆ 20 ಜನ, ಶೇ 4 ಎಂದರೆ 16. ವೇದಿಕೆಗೂ ಮನೆಗೂ ನಡುವಿನ ಅಂತರ ನಾಲ್ಕು ಜನ! ನಿಜಕ್ಕೂ ಶೇ 5 ಬೆಂಬಲ ಇರುವವರಿಗೂ ಇಷ್ಟು ಸಣ್ಣ ಸಮೀಕ್ಷೆಯಲ್ಲಿ 3ರಿಂದ 7ರವರೆಗೆ ಏನು ಬೇಕಾದರೂ ಬರಬಹುದು. ಅಂಥವರಿಗೆ ನಾಲ್ಕು ಸಲ 5 ದಾಟಲು ಏಳೆಂಟು ಸಮೀಕ್ಷೆಗಳಾದರೂ ನಡೆಯಬೇಕು. ಆ ಚಳಿಗಾಲದಲ್ಲಿ ಪಕ್ಷ ಒಪ್ಪುವ ಸಮೀಕ್ಷೆಗಳೇ ವಿರಳವಾಗಿದ್ದವು. ಏಷ್ಯಾ ಮೂಲದ ಸ್ಪರ್ಧಿ ಆಂಡ್ರೂ ಯಾಂಗ್ ‘ನೀವೇ ಮಾಡಿಸಿ’ ಎಂದು ಕೇಳಿದರೂ ಪಕ್ಷ ಒಲ್ಲೆ ಎಂದಿತು.

ಗಡುವು ಮುಗಿಯುವ ಹಿಂದಿನ ದಿನ, ಜನವರಿ 9ರಂದು, ನೆವಾಡಾ ಮತ್ತು ಸೌತ್ ಕ್ಯಾರೊಲಿನಾದ ಎರಡು ಸಮೀಕ್ಷೆಗಳು ಹೊರಬಿದ್ದವು. ಟಾಮ್ ಸ್ಟೈಯರ್‌ಗೆ ಶೇ 12, ಶೇ 15. ಈ ಶತಕೋಟ್ಯಧಿಪತಿ ಸ್ವಂತ ದುಡ್ಡಿನಿಂದ ಅಲ್ಲಿನ ಟಿವಿಗಳನ್ನು ಜಾಹೀರಾತಿನಲ್ಲಿ ಮುಳುಗಿಸಿದ್ದರು. ಒಂದೇ ದಿನದಲ್ಲಿ ಒಳಗೆ ಬಂದರು. ನಿಯಮಕ್ಕೆ ಚರ್ಮದ ಬಣ್ಣ ಕಾಣುವುದಿಲ್ಲ, ಸರಿ. ಜಾಹೀರಾತಿಗೆ ಸುರಿದ ದುಡ್ಡನ್ನೂ ಅದು ಜನಬೆಂಬಲವೆಂದೇ ಎಣಿಸುತ್ತದೆ.

ಪ್ರಶ್ನೆ: ದೇಣಿಗೆದಾರರ ಲೆಕ್ಕದಲ್ಲಾದರೂ ಬಡವ–ಬಲ್ಲಿದ ಸಮಾನರಲ್ಲವೇ?

ಉತ್ತರ: ಉದ್ದೇಶ ಅದೇ. ಒಂದು ಡಾಲರ್ ಕೊಟ್ಟವರೂ ಒಂದು ತಲೆ, ಸಾವಿರ ಕೊಟ್ಟವರೂ ಒಂದು ತಲೆ. ಆದರೆ ತಲೆ ಎಣಿಕೆಯನ್ನೂ ಕೊಳ್ಳಬಹುದು. 2023ರಲ್ಲಿ ರಿಪಬ್ಲಿಕನ್ ಪಕ್ಷ ತನ್ನ ಚರ್ಚೆಗೆ 40,000 ದೇಣಿಗೆದಾರರು ಬೇಕೆಂದಾಗ, ಶ್ರೀಮಂತ ಗವರ್ನರ್ ಡಗ್ ಬರ್ಗಮ್ ಒಂದು ಡಾಲರ್ ಕೊಟ್ಟವರಿಗೆ 20 ಡಾಲರ್‌ನ ಗಿಫ್ಟ್ ಕಾರ್ಡ್ ಘೋಷಿಸಿದರು. ಮಿಲ್ವಾಕಿಯ ವೇದಿಕೆಯನ್ನೂ ಹತ್ತಿದರು.

ಡೆಮಾಕ್ರಟರದ್ದು ಇನ್ನೂ ಕೆಟ್ಟದು ಎಂದೇ ನನ್ನ ಅಭಿಪ್ರಾಯ. 2020ರ ಫೆಬ್ರುವರಿಯ ಲಾಸ್ ವೇಗಸ್ ಚರ್ಚೆಗೆ ದೇಣಿಗೆದಾರರ ನಿಯಮವನ್ನೇ ಕೈಬಿಟ್ಟರು. ಯಾರಿಂದಲೂ ದೇಣಿಗೆ ಪಡೆಯದ ಶತಕೋಟ್ಯಧಿಪತಿ ಮೈಕೆಲ್ ಬ್ಲೂಮ್‌ಬರ್ಗ್‌ಗೆ ದಾರಿಯಾಯಿತು. ಹೊಸ ನಿಯಮ ತಪ್ಪೆಂದಲ್ಲ. ಆದರೆ ನಿಯಮ ಸಡಿಲಿಸಿ ಎಂದು ಡಿಸೆಂಬರ್‌ನಲ್ಲಿ ಬೂಕರ್ ಕೇಳಿದಾಗ ಆಗದು ಎಂದವರು ಇವರೇ.

ಪ್ರಶ್ನೆ: ನೀವೇ ನಿಯಮ ಬರೆಯುವುದಾದರೆ?

ಉತ್ತರ: ಎಲ್ಲರನ್ನೂ ಹತ್ತಿಸುವುದು ಪರಿಹಾರವಲ್ಲ. 2019ರ ಅಕ್ಟೋಬರ್‌ನಲ್ಲಿ ಓಹಾಯೊದಲ್ಲಿ 12 ಜನ ಒಂದೇ ವೇದಿಕೆಯಲ್ಲಿದ್ದರು. ಎಲಿಜಬೆತ್ ವಾರೆನ್‌ಗೆ 20 ನಿಮಿಷಕ್ಕೂ ಹೆಚ್ಚು ಮಾತು ಸಿಕ್ಕರೆ ಸ್ಟೈಯರ್‌ಗೆ ಸುಮಾರು ಏಳು. ಮೊದಲ ಮತ ಬೀಳುವವರೆಗೆ ‘ಅಥವಾ’ ಉಳಿಸುವೆ, ಎರಡೂ ಮಿತಿಗಳನ್ನು ಏರಿಸಿಯಾದರೂ. ಎಲ್ಲ ಚರ್ಚೆಗಳ ಮಿತಿಯನ್ನೂ ಮೊದಲ ಚರ್ಚೆಗೆ ಮುಂಚೆಯೇ ಪ್ರಕಟಿಸುವೆ. ಒಂದೊಂದು ಸಮೀಕ್ಷೆಯಲ್ಲೂ ಗೆರೆ ದಾಟಲೇಬೇಕು ಎನ್ನುವ ಬದಲು ಎಲ್ಲದರ ಸರಾಸರಿ ತೆಗೆಯುವೆ. ನಾಲ್ಕು ಜನರ ಅದೃಷ್ಟದಾಟ ಅಲ್ಲಿಗೆ ಬಹುಪಾಲು ನಿಲ್ಲುತ್ತದೆ. ಬಹುತೇಕ ಬಿಳಿಯರೇ ಇರುವ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಎಷ್ಟು ಸಮೀಕ್ಷೆ ನಡೆದವೋ, ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕೂ ಹೆಚ್ಚು ಕಪ್ಪು ಜನರಿರುವ ಸೌತ್ ಕ್ಯಾರೊಲಿನಾದಲ್ಲೂ ಅಷ್ಟೇ ನಡೆಯಬೇಕು. ಮಾಧ್ಯಮಗಳು ಮಾಡಿಸದಿದ್ದರೆ ಖರ್ಚು ಪಕ್ಷದ್ದು.