ಸುಕ್ರಜ್ಜಿಯನ್ನು ‘ಹಾಲಕ್ಕಿ ಕೋಗಿಲೆ’ ಅಂತ ಕರೆಯುವುದೇಕೆ?

ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ, ಅಂದರೆ ಸುಕ್ರಜ್ಜಿ, ಅಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. ಪುಸ್ತಕ ನೋಡಿ ಕಲಿತದ್ದಲ್ಲ, ತಾಯಿಯ ಬಾಯಿಂದ ಕೇಳಿ ಕಲಿತದ್ದು. ಅದಕ್ಕೇ ಆ ಹೆಸರು.

ಈ ಹಾಡುಗಳು ವೇದಿಕೆಗಾಗಿ ಹುಟ್ಟಿದವಲ್ಲ. ಗದ್ದೆಯ ಕೆಸರಲ್ಲಿ ಬಗ್ಗಿ ಸಸಿ ನೆಡುವಾಗ ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನೇ ಹಿಡಿದು ತಿರುಗಿ ಹಾಡುತ್ತಾರೆ. ಬೆನ್ನುನೋವು ಮರೆಯುವುದೇ ಆ ಲಯದಲ್ಲಿ. ಮದುವೆಗೆ ಬೇರೆ ಹಾಡು. ಹೋಳಿ ಹೊತ್ತಿಗೆ ಸುಗ್ಗಿ ತಂಡದ ಗಂಡಸರು ಗುಮಟೆ ಬಾರಿಸುತ್ತ ಮನೆಮನೆಗೆ ಬರುತ್ತಾರೆ. ಮಣ್ಣಿನ ಕೊಡಕ್ಕೆ ಚರ್ಮ ಬಿಗಿದ ವಾದ್ಯ ಅದು.

ಎದೆ ತುಂಬ ಮಣಿಸರ ತೊಟ್ಟು, ಅಜ್ಜಿ ಕಣ್ಣು ಅರೆಮುಚ್ಚಿ ಹಾಡಿದರೆ ಪಕ್ಕವಾದ್ಯ ಬೇಕು ಅನ್ನಿಸುತ್ತಿರಲಿಲ್ಲ. ಸಾರಾಯಿ ಮನೆಗಳನ್ನು ಹಾಳುಮಾಡುವುದನ್ನು ಹತ್ತಿರದಿಂದ ಕಂಡಿದ್ದ ಅವರು ಊರ ಹೆಂಗಸರನ್ನು ಕಟ್ಟಿಕೊಂಡು ಅದರ ವಿರುದ್ಧವೂ ನಿಂತರು. ನನಗೆ ಅವರ ಹಾಡಿನಷ್ಟೇ ದೊಡ್ಡದಾಗಿ ಕಾಣುವುದು ಈ ಹೋರಾಟ.

2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂಕೋಲಾ ಕಡೆ ಹೋದರೆ ಹಾಲಕ್ಕಿ ಅಜ್ಜಿಯರ ಹತ್ತಿರ ಕೂತು ಒಂದು ಹಾಡಾದರೂ ಪೂರ್ತಿ ಕೇಳಿ.