ಒಂದೇ ಕೋಣೆಯ ಆಟಕ್ಕೆ ಊರಾಚೆಯ ಸರ್ವರ್ ಯಾಕೆ?

ಪ್ರಶ್ನೆ: ಮೊದಲೆಲ್ಲ ಸೈಬರ್ ಕೆಫೆಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೂ ಎಂಟು ಜನ ಸೇರಿ ಆಡುತ್ತಿದ್ದೆವು. ಈಗಿನ ಎಷ್ಟೋ ಆಟಗಳಲ್ಲಿ ಲ್ಯಾನ್ (ಒಂದೇ ಜಾಗದ ಕಂಪ್ಯೂಟರುಗಳನ್ನು ತಮ್ಮೊಳಗೇ ಜೋಡಿಸುವ ಸ್ಥಳೀಯ ಜಾಲ) ಎಂಬ ಆಯ್ಕೆಯೇ ಇಲ್ಲ. ಅದನ್ನು ಕೊಡುವುದು ಅಷ್ಟು ಕಷ್ಟವೇ? (ಮೈಸೂರಿನ ಓದುಗರು)

ಉತ್ತರ: ತಂತ್ರಜ್ಞಾನದ ದೃಷ್ಟಿಯಿಂದ ದೊಡ್ಡ ಕಷ್ಟವೇನಲ್ಲ. ಲ್ಯಾನ್ ಆಟದಲ್ಲಿ ಒಂದು ಕಂಪ್ಯೂಟರ್ ಹೋಸ್ಟ್ (ಆಟ ತೆರೆದು ನಡೆಸುವ ಯಂತ್ರ) ಆಗುತ್ತದೆ. ಉಳಿದವು "ಇಲ್ಲಿ ಯಾರಾದರೂ ಆಟ ತೆರೆದಿದ್ದೀರಾ?" ಎಂದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತವೆ. ಇದೇ ಬ್ರಾಡ್‌ಕಾಸ್ಟ್. ಹೋಸ್ಟ್ ಓಗೊಟ್ಟು ತನ್ನ ಐಪಿ ವಿಳಾಸ (ಜಾಲದಲ್ಲಿ ತನ್ನನ್ನು ಗುರುತಿಸುವ ಸಂಖ್ಯೆ) ತಿಳಿಸುತ್ತದೆ, ಅಲ್ಲಿಂದಾಚೆ ಮಾತುಕತೆ ನೇರ. ಆಧುನಿಕ ಆಟಗಳಲ್ಲಿ ಈ "ಹುಡುಕಿಕೊಡುವ" ಕೆಲಸವನ್ನು ಕಂಪನಿಯ ಸರ್ವರ್ ವಹಿಸಿಕೊಂಡಿದೆ. ಲಾಗಿನ್, ಗಳಿಸಿದ ಅಂಕ, ಕೊಂಡ ವೇಷಭೂಷಣ, ಎಲ್ಲದರ ಲೆಕ್ಕವೂ ಅಲ್ಲೇ.

ಸ್ಟಾರ್‌ಕ್ರಾಫ್ಟ್ ಇದಕ್ಕೆ ಸ್ಪಷ್ಟ ಉದಾಹರಣೆ. 1998ರ ಮೊದಲ ಆಟದಲ್ಲಿ ಲ್ಯಾನ್ ಇದ್ದದ್ದಷ್ಟೇ ಅಲ್ಲ, ಒಂದು ಸಿಡಿ ಕೊಂಡವರು ಗೆಳೆಯರ ಕಂಪ್ಯೂಟರಿಗೆ "ಸ್ಪಾನ್" ಪ್ರತಿ ಹಾಕಿಕೊಟ್ಟು 8 ಜನರ ತನಕ ಆಡಲು ಅದನ್ನು ತಯಾರಿಸಿದ ಬ್ಲಿಝರ್ಡ್ ಕಂಪನಿಯೇ ಬಿಟ್ಟಿತ್ತು. ಅದೇ ಬ್ಲಿಝರ್ಡ್, ಸ್ಟಾರ್‌ಕ್ರಾಫ್ಟ್ 2ರಲ್ಲಿ ಲ್ಯಾನ್ ಇರುವುದಿಲ್ಲ ಎಂದು 2009ರಲ್ಲಿ ಹೇಳಿತು. 2010ರ ಜುಲೈನಲ್ಲಿ ಆಟ ಹಾಗೆಯೇ ಬಂತು. ಕಾಲ್ ಆಫ್ ಡ್ಯೂಟಿಯ 2009ರ ಮಾಡರ್ನ್ ವಾರ್‌ಫೇರ್ 2 ಕೂಡ ಪಿಸಿಯಲ್ಲಿ ಲ್ಯಾನನ್ನೂ, ಆಟಗಾರರೇ ನಡೆಸುವ ಸರ್ವರನ್ನೂ ಕೈಬಿಟ್ಟಿತು.

ಮುಖ್ಯ ಕಾರಣ ಎರಡು. ಒಂದು ನಕಲಿ ಪ್ರತಿ: ಲ್ಯಾನ್ ಇದ್ದರೆ ಖರೀದಿಸದವರೂ ವಿಪಿಎನ್ (ದೂರದ ಕಂಪ್ಯೂಟರುಗಳನ್ನು ಇಂಟರ್‌ನೆಟ್ ಮೇಲೆ ಒಂದೇ ಖಾಸಗಿ ಜಾಲವಾಗಿಸುವ ತಂತ್ರಾಂಶ) ಮೂಲಕ ಒಂದೇ ಕೋಣೆಯಲ್ಲಿದ್ದವರಂತೆ ಸೇರಿ ಆಡಬಹುದು. ಇನ್ನೊಂದು ಹಿಡಿತ: ದಕ್ಷಿಣ ಕೊರಿಯಾದಲ್ಲಿ ಮೊದಲ ಸ್ಟಾರ್‌ಕ್ರಾಫ್ಟ್ ಟಿವಿ ಲೀಗ್ ಆಗಿ ಬೆಳೆದಾಗ, ಪ್ರಸಾರದ ಹಕ್ಕಿಗಾಗಿ ಬ್ಲಿಝರ್ಡ್ ಮತ್ತು ಅಲ್ಲಿನ ಇ-ಸ್ಪೋರ್ಟ್ಸ್ ಸಂಘದ ನಡುವೆ ದೊಡ್ಡ ಜಗಳವೇ ನಡೆದು 2011ರಲ್ಲಿ ಇತ್ಯರ್ಥವಾಯಿತು. ಪ್ರತಿ ಪಂದ್ಯವೂ ಕಂಪನಿಯ ಸರ್ವರಿನಲ್ಲೇ ನಡೆದರೆ ಯಾರು ಟೂರ್ನಿ ನಡೆಸಬೇಕೆಂಬುದೂ ಕಂಪನಿಯ ಕೈಯಲ್ಲೇ ಇರುತ್ತದೆ.

ಮೂರನೆಯದಾಗಿ ಭದ್ರತೆ. 2021ರ ಡಯಾಬ್ಲೊ 2: ರಿಸರೆಕ್ಟೆಡ್‌ನಿಂದ ನೇರ ಟಿಸಿಪಿ/ಐಪಿ ಆಟವನ್ನು (ಹೋಸ್ಟ್‌ನ ಐಪಿ ಬರೆದು ಸೇರುವುದನ್ನು) ತೆಗೆದಾಗ ಕೊಟ್ಟದ್ದು ಇದೇ ಕಾರಣ. ಇದನ್ನು ಬರೀ ನೆವ ಎನ್ನಲಾಗದು. ಎದುರಿನ ಕಂಪ್ಯೂಟರ್ ಕಳಿಸಿದ್ದನ್ನು ಪರೀಕ್ಷಿಸದೆ ನಂಬುವುದು ಹಳೆಯ ಆಟಗಳ ಕೋಡಿನಲ್ಲಿ ಸಾಮಾನ್ಯ. ಆದರೆ ಬೀಗ ಹಳತಾಯಿತೆಂದು ಬಾಗಿಲನ್ನೇ ಗೋಡೆ ಕಟ್ಟಿ ಮುಚ್ಚುವುದು ನಮಗೆ ಒಪ್ಪಿಗೆಯಿಲ್ಲ. ಎಚ್ಚರಿಕೆ ಕೊಟ್ಟು, ಆಯ್ಕೆಯನ್ನು ಉಳಿಸಬಹುದಿತ್ತು.

ಪ್ರಶ್ನೆ: ಕಾಲೇಜು ಹಬ್ಬಕ್ಕೆ ಲ್ಯಾಬಿನ 8 ಪಿಸಿಗಳಲ್ಲಿ ಏಜ್ ಆಫ್ ಎಂಪೈರ್ಸ್ 2 ಆಡಿಸಬೇಕು. ಸಿಡಿಯ ಹಳೆಯ ಆವೃತ್ತಿ, ವಿಂಡೋಸ್ 11. ಒಬ್ಬರು ಆಟ ತೆರೆದರೆ ಉಳಿದವರ ಪಟ್ಟಿಯಲ್ಲಿ ಕಾಣುತ್ತಲೇ ಇಲ್ಲ. ಇಂಟರ್‌ನೆಟ್ ಕೊಡಲು ಕಾಲೇಜು ಒಪ್ಪುವುದಿಲ್ಲ. (ಹುಬ್ಬಳ್ಳಿಯ ವಿದ್ಯಾರ್ಥಿಗಳು)

ಉತ್ತರ: ಇಂಟರ್‌ನೆಟ್ ಬೇಡವೇ ಬೇಡ. ಹಳೆಯ ರೂಟರ್ ಒಂದಿದ್ದರೆ ತನ್ನಿ, 8 ಪೋರ್ಟಿನ (ಕೇಬಲ್ ಚುಚ್ಚುವ ಕಿಂಡಿಯ) ನೆಟ್‌ವರ್ಕ್ ಸ್ವಿಚ್ ಒಂದನ್ನು ಹೊಂದಿಸಿ. 8 ಪಿಸಿ ಮತ್ತು ರೂಟರಿಗೆ ಸೇರಿ ಸ್ವಿಚ್ಚಿನಲ್ಲಿ 9 ಪೋರ್ಟ್ ಬೇಕಾಗುತ್ತದೆ, ಒಂದು ಕಡಿಮೆ ಬೀಳುತ್ತದೆ. ಆದ್ದರಿಂದ 7 ಪಿಸಿಗಳನ್ನು ಸ್ವಿಚ್ಚಿಗೆ, ಎಂಟನೆಯದನ್ನು ರೂಟರಿನ ಇನ್ನೊಂದು ಲ್ಯಾನ್ ಪೋರ್ಟಿಗೆ ಚುಚ್ಚಿ. ಬೇರೆ ಬಣ್ಣದಲ್ಲಿರುವ ವ್ಯಾನ್ (ಇಂಟರ್‌ನೆಟ್ ಕೇಬಲಿನ) ಪೋರ್ಟನ್ನು ಖಾಲಿ ಬಿಡಿ.

ಬರೀ ಸ್ವಿಚ್ ಸಾಲದೇ? ಸಾಲುತ್ತದೆ, ಆದರೆ ಅಲ್ಲೊಂದು ತೊಡಕಿದೆ. ರೂಟರ್ ಇಲ್ಲದಿದ್ದರೆ ವಿಳಾಸ ಹಂಚುವವರಿಲ್ಲದೆ ಪಿಸಿಗಳು 169.254 ಎಂದು ಶುರುವಾಗುವ ವಿಳಾಸವನ್ನು ತಾವೇ ಹಾಕಿಕೊಳ್ಳುತ್ತವೆ. ಕೈಯಾರೆ 192.168.50.11ರಿಂದ 18ರವರೆಗೆ ಕೊಟ್ಟು, ಸಬ್‌ನೆಟ್ ಮಾಸ್ಕ್ 255.255.255.0 ಹಾಕಿದರೂ, ಗೇಟ್‌ವೇ (ಹೊರಜಾಲಕ್ಕೆ ದಾರಿಯಾಗುವ ರೂಟರ್) ಇಲ್ಲದ ನೆಟ್‌ವರ್ಕನ್ನು ವಿಂಡೋಸ್ "ಗುರುತಿಲ್ಲದ್ದು" ಎಂದು ಪಬ್ಲಿಕ್ ಗುಂಪಿಗೆ ತಳ್ಳುತ್ತದೆ. ಆಗ ಫೈರ್‌ವಾಲ್ (ವಿಂಡೋಸ್‌ನ ಕಾವಲು ತಂತ್ರಾಂಶ) ಹೊರಗಿನ ಕೂಗನ್ನು ಒಳಬಿಡುವುದಿಲ್ಲ. ರೂಟರ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ತೆರೆದು ಪ್ರೈವೇಟ್ ಎಂದು ಆರಿಸಿದರೆ ಮುಗಿಯಿತು.

ಮುಂದಿನದು ಡೈರೆಕ್ಟ್‌ಪ್ಲೇ. ಈ ಆಟ ನೆಟ್‌ವರ್ಕಿಗೆ ನೆಚ್ಚಿಕೊಂಡಿರುವ ಹಳೆಯ ಭಾಗ ಅದು. ವಿಂಡೋಸ್ 11ರಲ್ಲಿ ಇದೆ, ಆದರೆ ಮಲಗಿಸಿಟ್ಟಿದ್ದಾರೆ. ಕಂಟ್ರೋಲ್ ಪ್ಯಾನೆಲ್, ಪ್ರೋಗ್ರಾಮ್ಸ್, "ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್", ಅದರೊಳಗೆ ಲೆಗಸಿ ಕಾಂಪೊನೆಂಟ್ಸ್, ಅಲ್ಲಿ ಡೈರೆಕ್ಟ್‌ಪ್ಲೇಗೆ ಟಿಕ್. ಎಂಟೂ ಪಿಸಿಗಳಲ್ಲಿ ಮಾಡಬೇಕು. ವಿಂಡೋಸ್ ಇದಕ್ಕಾಗಿ ಫೈಲ್ ಇಳಿಸಿಕೊಳ್ಳಲು ಕೇಳಬಹುದು, ಹಾಗಾಗಿ ಹಬ್ಬದ ದಿನಕ್ಕೆ ಇಟ್ಟುಕೊಳ್ಳಬೇಡಿ. ಫೈರ್‌ವಾಲಿನಲ್ಲಿ ಆಟಕ್ಕೆ ಅನುಮತಿ ಕೊಟ್ಟ ಮೇಲೂ ತಡೆದರೆ ಟಿಸಿಪಿ 47624, ಮತ್ತು ಟಿಸಿಪಿ, ಯುಡಿಪಿ ಎರಡರಲ್ಲೂ 2300ರಿಂದ 2400ರವರೆಗಿನ ಪೋರ್ಟುಗಳನ್ನು ತೆರೆಯಿರಿ (ಟಿಸಿಪಿ, ಯುಡಿಪಿ ಮಾಹಿತಿ ಸಾಗಿಸುವ ಎರಡು ಬಗೆ; ಇಲ್ಲಿ ಪೋರ್ಟ್ ಎಂದರೆ ಕೇಬಲಿನ ಕಿಂಡಿಯಲ್ಲ, ಮಾಹಿತಿ ಹೋಗಿಬರುವ ಸಂಖ್ಯೆಯ ಬಾಗಿಲು).

ಇಷ್ಟಾದರೂ ಪಟ್ಟಿ ಖಾಲಿಯೇ? ಕಾಲೇಜು ಲ್ಯಾಬಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ವರ್ಚುವಲ್‌ಬಾಕ್ಸ್, ವಿಎಂವೇರ್‌ನಂಥ ತಂತ್ರಾಂಶ. ಅವು ಇಲ್ಲದ ನೆಟ್‌ವರ್ಕ್ ಕಾರ್ಡನ್ನು ಇದೆಯೆಂದು ತೋರಿಸುತ್ತವೆ. ಆಟದ ಕೂಗು ಆ ಸುಳ್ಳು ಕಾರ್ಡಿನ ದಾರಿ ಹಿಡಿದು ಎಲ್ಲಿಗೂ ಮುಟ್ಟದೆ ಸಾಯುತ್ತದೆ. ರನ್ ಕಿಟಕಿಯಲ್ಲಿ "ncpa.cpl" ಎಂದು ಇಂಗ್ಲಿಷಿನಲ್ಲಿ ಟೈಪಿಸಿ ತೆರೆದು, ಕೇಬಲ್ ಸಿಕ್ಕಿಸಿದ ಕಾರ್ಡ್ ಒಂದನ್ನು ಬಿಟ್ಟು ವೈಫೈ ಸಹಿತ ಉಳಿದೆಲ್ಲವನ್ನೂ ಡಿಸೇಬಲ್ ಮಾಡಿ.

ಪಿಂಗ್ ಮಾಡಿ (ಇನ್ನೊಂದು ಪಿಸಿ ಉತ್ತರಿಸುತ್ತದೆಯೇ ಎಂದು ಪರೀಕ್ಷಿಸಿ) ನೋಡುವಾಗ ಒಂದು ಮಾತು ನೆನಪಿರಲಿ. ಪಿಂಗ್ ಹೋಗುತ್ತಿದ್ದೂ ಆಟ ಕಾಣದಿದ್ದರೆ ತೊಂದರೆ ಬ್ರಾಡ್‌ಕಾಸ್ಟಿನಲ್ಲೋ ಆಟದ ಪೋರ್ಟಿನಲ್ಲೋ ಇದೆ. ಪಿಂಗೇ ಹೋಗದಿದ್ದರೆ ಕೇಬಲ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ, ಫೈರ್‌ವಾಲ್ ಪಿಂಗಿಗೂ ಉತ್ತರ ತಡೆಹಿಡಿಯುತ್ತದೆ. ಕೂಗು ಮುಟ್ಟದಿದ್ದಾಗ ಆಟದ ಮಲ್ಟಿಪ್ಲೇಯರ್‌ನಲ್ಲಿ ಇಂಟರ್‌ನೆಟ್ ಟಿಸಿಪಿ/ಐಪಿ ಆರಿಸಿ ಹೋಸ್ಟ್‌ನ ವಿಳಾಸವನ್ನೇ ಬರೆಯಿರಿ. ಹೆಸರು ಇಂಟರ್‌ನೆಟ್ ಎಂದಿದ್ದರೂ ಕೋಣೆಯೊಳಗಿನ ವಿಳಾಸಕ್ಕೂ ಅದು ನಡೆಯುತ್ತದೆ. ಕೊನೆಗೆ, ಎಂಟೂ ಕಡೆ ಒಂದೇ ಪ್ಯಾಚ್ (ಆಟದ ತಿದ್ದುಪಡಿ ಆವೃತ್ತಿ) ಇರಲಿ. ಆಟದ ವಿಸ್ತರಣೆ ಕಾಂಕರರ್ಸ್ ಆಗಿದ್ದರೆ 1.0ಸಿ.

ಹೊಸದಾಗಿ ಆಟ ಆರಿಸುವುದಾದರೆ 0 ಎ.ಡಿ. ನೋಡಿ. ಅದೇ ಬಗೆಯ ಯುದ್ಧತಂತ್ರದ ಆಟ, ಉಚಿತ, ಹೋಸ್ಟ್‌ನ ಐಪಿ ಬರೆದು ಸೇರಬಹುದು, ಪೋರ್ಟ್ ಯುಡಿಪಿ 20595. ಲಾಗಿನ್ ಗೋಜಿಲ್ಲ. ಎಂಟು ಪಿಸಿಗೂ ಹಾಕಲು ಯಾರ ಅಪ್ಪಣೆಯೂ ಬೇಡ.

ಪ್ರಶ್ನೆ: ತಮ್ಮ ದುಬೈನಲ್ಲಿದ್ದಾನೆ. ಬರೀ ಲ್ಯಾನ್ ಇರುವ ಹಳೆಯ ಆಟವನ್ನು ಇಬ್ಬರೂ ಆಡಲು ದಾರಿ ಇದೆಯೇ? ಟೇಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿದೆವು, ಆಟ ಕಾಣಲಿಲ್ಲ. (ಉಡುಪಿಯ ಓದುಗರು)

ಉತ್ತರ: ಟೇಲ್‌ಸ್ಕೇಲ್ ಐಪಿ ಮಟ್ಟದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಬ್ರಾಡ್‌ಕಾಸ್ಟನ್ನು ಸಾಗಿಸುವುದಿಲ್ಲ. ಆಟದಲ್ಲಿ ಐಪಿ ಬರೆಯುವ ಜಾಗವಿದ್ದರೆ ಅದೇ ಸಾಕು. ಇಲ್ಲದಿದ್ದರೆ ಜೀರೋಟಿಯರ್ ಎಂಬ ಇನ್ನೊಂದು ತಂತ್ರಾಂಶ ಬಳಸಿ. ಅದು ಈಥರ್ನೆಟ್ ಸ್ವಿಚ್ಚಿನಂತೆಯೇ ನಡೆದುಕೊಳ್ಳುವುದರಿಂದ ಕೂಗು ಆಚೆ ದಡಕ್ಕೂ ಮುಟ್ಟುತ್ತದೆ. ಮೇಲೆ ಬೇರೆ ಕಾರ್ಡುಗಳನ್ನು ಮುಚ್ಚಿ ಎಂದೆವು, ಇಲ್ಲಿ ಹಾಗೆ ಮಾಡಲಾಗದು. ಜೀರೋಟಿಯರ್ ಕಾರ್ಡಿನ ಐಪಿವಿ4 ಅಡ್ವಾನ್ಸ್ಡ್ ಪುಟದಲ್ಲಿ "ಆಟೊಮ್ಯಾಟಿಕ್ ಮೆಟ್ರಿಕ್" ತೆಗೆದು 5 ಎಂದು ಹಾಕಿ. ಸಣ್ಣ ಸಂಖ್ಯೆ ಇರುವ ದಾರಿಗೇ ವಿಂಡೋಸ್ ಮೊದಲ ಮಣೆ ಹಾಕುತ್ತದೆ. ಅಪರಿಚಿತರನ್ನು ಆ ನೆಟ್‌ವರ್ಕಿಗೆ ಸೇರಿಸಿಕೊಳ್ಳಬೇಡಿ, ನಿಮ್ಮ ಮನೆಯೊಳಗೆ ಕರೆದಂತೆಯೇ ಲೆಕ್ಕ.

ಪ್ರಶ್ನೆ: ಕೊಳ್ಳುವ ಮುಂಚೆ ಲ್ಯಾನ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಆಟದ ಪುಟದ ಬಲಬದಿಯಲ್ಲಿ "ಲ್ಯಾನ್ ಪಿವಿಪಿ" (ಒಬ್ಬರ ವಿರುದ್ಧ ಒಬ್ಬರು) ಅಥವಾ "ಲ್ಯಾನ್ ಕೋ-ಆಪ್" (ಒಟ್ಟಾಗಿ) ಎಂದು ಇರಬೇಕು. "ಶೇರ್ಡ್/ಸ್ಪ್ಲಿಟ್ ಸ್ಕ್ರೀನ್" ಬೇರೆ, ಅದು ಒಂದೇ ಪರದೆಯ ಆಟ. ಆದರೆ ಲ್ಯಾನ್ ಎಂದು ಬರೆದಿದ್ದೂ ಲಾಗಿನ್‌ಗೆ ಇಂಟರ್‌ನೆಟ್ ಕೇಳುವ ಆಟಗಳಿವೆ. ಕೊಂಡ ದಿನವೇ ರೂಟರಿನ ವ್ಯಾನ್ ಕೇಬಲ್ ಕಿತ್ತು, ಸ್ಟೀಮನ್ನು ಆಫ್‌ಲೈನ್ ಮೋಡಿಗೆ ಹಾಕಿ, ಎರಡು ಕಂಪ್ಯೂಟರಿನಲ್ಲಿ ಆಡಿ ನೋಡಿ. 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು.

ಈ ಪರೀಕ್ಷೆಗೆ ಅಷ್ಟು ಒತ್ತು ಕೊಡಲು ಕಾರಣವಿದೆ. ಆಟಗಾರರನ್ನು ಆನ್‌ಲೈನ್‌ನಲ್ಲಿ ಜೋಡಿಸುತ್ತಿದ್ದ ಗೇಮ್‌ಸ್ಪೈ ಸೇವೆ 2014ರ ಮೇ 31ಕ್ಕೆ ನಿಂತಾಗ ಅದನ್ನೇ ನೆಚ್ಚಿದ್ದ ಹತ್ತಾರು ಆಟಗಳ ಆನ್‌ಲೈನ್ ಭಾಗ ಮುಚ್ಚಿಹೋಯಿತು. ಲ್ಯಾನ್ ಇದ್ದವು ಮಾತ್ರ ಕೋಣೆಯೊಳಗೆ ಬದುಕಿಕೊಂಡವು. ಯೂಬಿಸಾಫ್ಟ್ ಕಂಪನಿಯ ದಿ ಕ್ರೂ ಆಟದ ಸರ್ವರ್ 2024ರ ಮಾರ್ಚ್ 31ಕ್ಕೆ ಬಂದ್ ಆದಾಗ ದುಡ್ಡು ಕೊಟ್ಟವರು ಒಬ್ಬರೇ ಕೂತು ಆಡಲೂ ಆಗಲಿಲ್ಲ. ಅದರ ಬೆನ್ನಿಗೇ ಶುರುವಾದ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಚಳವಳಿಯ ಯುರೋಪಿನ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷ ಸಹಿ ದಾಟಿತ್ತು. ಸೇವೆ ನಿಲ್ಲಿಸುವಾಗ ಆಟವನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದು ಅವರ ಬೇಡಿಕೆ. ನಿಮ್ಮ ಬಳಿ ಲ್ಯಾನ್ ಇರುವ ಹಳೆಯ ಆಟಗಳಿದ್ದರೆ ಇನ್‌ಸ್ಟಾಲರ್, ಪ್ಯಾಚ್ ಫೈಲ್, ಸಿಡಿ ಕೀ ಮೂರನ್ನೂ ಒಂದೇ ಕಡೆ ನಕಲು ಮಾಡಿಡಿ. ಸಾಮಾನ್ಯವಾಗಿ ಮೊದಲು ಕಳೆಯುವುದು ಪ್ಯಾಚ್.