ಐವರ ಮೇಲೆ ಒಂದೇ ವಿಚಾರಣೆ, ಮೂವರಿಗೆ ಶಿಕ್ಷೆ: ಮೂರನೇ ಆರೋಪಿ ಬೇರೆ ಅಪೀಲು ಹಾಕಬೇಕೇ?

ನಿಮ್ಮ ಪ್ರಶ್ನೆಯಲ್ಲಿರುವುದು ಇಷ್ಟು. 2021ರ ಕೊಲೆ ಕೇಸು, ಐವರು ಆರೋಪಿಗಳು, ಸೆಷನ್ಸ್ ಕೋರ್ಟಿನಲ್ಲಿ ಎಲ್ಲರಿಗೂ ಒಟ್ಟಿಗೆ ವಿಚಾರಣೆ. ಎ4, ಎ5 (ನಾಲ್ಕನೇ, ಐದನೇ ಆರೋಪಿ) ಖುಲಾಸೆ. ಎ1, ಎ2, ಎ3ಗೆ ಐಪಿಸಿ 302 (ಕೊಲೆ) ಜೊತೆಗೆ 149ರ (ಅಕ್ರಮ ಕೂಟ) ಅಡಿ ಜೀವಾವಧಿ. ನಿಮ್ಮ ತಮ್ಮ ಎ3. ಶಿಕ್ಷೆಯಾಗಿ ಮೂರು ವಾರ ಆಗಿದೆ. ಎ1 ಮನೆಯವರು ‘ನಮ್ಮ ವಕೀಲರೇ ಮೂವರಿಗೂ ಸೇರಿಸಿ ಒಂದೇ ಅಪೀಲು ಹಾಕ್ತಾರೆ, ಖರ್ಚೂ ಕಮ್ಮಿ’ ಅನ್ನುತ್ತಿದ್ದಾರೆ. ಒಪ್ಪಬಹುದೇ, ಇಬ್ಬರು ಖುಲಾಸೆ ಆಗಿರುವುದರಿಂದ ತಮ್ಮನಿಗೂ ಅನುಕೂಲ ಆಗುತ್ತದೆಯೇ ಎಂದು ಕೇಳಿದ್ದೀರಿ.

ಒಪ್ಪಬೇಡಿ. ಮೂವರೂ ಸೇರಿ ಒಂದೇ ಅಪೀಲು ಹಾಕಬಾರದು ಎಂದು ಕಾನೂನು ಹೇಳುವುದಿಲ್ಲ, ಹೈಕೋರ್ಟಿನಲ್ಲಿ ಅಂಥವು ಬೇಕಾದಷ್ಟಿವೆ. ಆದರೆ ನೀವು ಬರೆದಿರುವ ಪ್ರಕಾರ ಮಚ್ಚಿನಿಂದ ಹೊಡೆದದ್ದು ಎ1, ನಿಮ್ಮ ತಮ್ಮ ಮೃತರ ಕೈ ಹಿಡಿದುಕೊಂಡಿದ್ದ ಎಂಬುದಷ್ಟೇ ಸಾಕ್ಷ್ಯ. ಎ3 ಪರ ವಕೀಲರು ‘ಹೊಡೆದದ್ದು ಎ1 ಒಬ್ಬನೇ, ಅವನ ಮನಸ್ಸಿನಲ್ಲಿದ್ದದ್ದು ನಮ್ಮವನಿಗೆ ಗೊತ್ತಿರಲಿಲ್ಲ’ ಎನ್ನಬೇಕಾಗುತ್ತದೆ. ಎ1 ಪರ ನಿಂತವರು ಈ ಮಾತು ಆಡಲಾರರು. ಪಾತ್ರ ಬೇರೆ ಬೇರೆ ಇರುವಾಗ ಒಬ್ಬರೇ ವಕೀಲರು ಮೂವರಿಗೂ ವಾದಿಸಿದರೆ, ಕೊನೆಯವನ ವಾದ ಮೊದಲನೆಯವನ ವಾದದೊಳಗೆ ಮುಳುಗಿಹೋಗುತ್ತದೆ. ಬೇರೆ ಹಾಕಿದರೆ ವಿಳಂಬವಾದೀತು ಎಂಬ ಭಯವೂ ಬೇಡ. ಒಂದೇ ತೀರ್ಪಿನ ವಿರುದ್ಧ ಬಂದ ಅಪೀಲುಗಳನ್ನು ಸಾಮಾನ್ಯವಾಗಿ ಒಟ್ಟಿಗೇ ಕೇಳುತ್ತಾರೆ.

ಮೊದಲು ಅವಧಿ. ಲಿಮಿಟೇಷನ್ ಕಾಯ್ದೆಯ 115ನೇ ವಿಧಿಯಂತೆ ಹೈಕೋರ್ಟಿಗೆ 60 ದಿನ (ಮರಣದಂಡನೆಯಾದರೆ 30). ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯ ವಿರುದ್ಧ ಸೆಷನ್ಸ್ ಕೋರ್ಟಿಗೆ ಹೋಗುವವರಿಗೂ 30 ದಿನವೇ. ದೋಷಿ ಎಂದ ದಿನ ಬೇರೆ, ಶಿಕ್ಷೆ ಪ್ರಕಟಿಸಿದ ದಿನ ಬೇರೆ ಇದ್ದರೆ ಶಿಕ್ಷೆಯ ದಿನದಿಂದ ಎಣಿಸಿ. ಜೈಲುಶಿಕ್ಷೆ ಆದವನಿಗೆ ತೀರ್ಪಿನ ಪ್ರತಿಯನ್ನು ಕೋರ್ಟು ಕೂಡಲೇ ಉಚಿತವಾಗಿ ಕೊಡಬೇಕು. ತಮ್ಮನ ಕೈಗೆ ಅದು ಸಿಕ್ಕಿದೆಯೇ ಕೇಳಿ. ದೃಢೀಕೃತ ಪ್ರತಿಗೆ ಅರ್ಜಿ ಹಾಕಿದರೆ, ಪ್ರತಿ ಸಿದ್ಧವಾಗಲು ಹಿಡಿದ ದಿನಗಳನ್ನು ಈ 60ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಸಿದ್ಧವಾದ ಮೇಲೆ ನೀವು ತರಲು ಹೋಗದೆ ಬಿಟ್ಟ ದಿನಗಳು ಲೆಕ್ಕಕ್ಕೆ ಸೇರುತ್ತವೆ. ಗಡುವು ಮೀರಿದರೂ ಅದೇ ಕಾಯ್ದೆಯ 5ನೇ ಕಲಂ ಅಡಿ ವಿಳಂಬ ಮನ್ನಿಸಲು ಅರ್ಜಿ ಹಾಕಬಹುದು, ಆದರೆ ಜಾಮೀನಿನ ವಿಷಯ ಅಷ್ಟರಮಟ್ಟಿಗೆ ಹಿಂದೆ ಬೀಳುತ್ತದೆ.

ಅಪೀಲಿನ ಹಕ್ಕು ಹಳೆಯ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) 374(2), ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 415(2). ಅಪರಾಧ ನಡೆದದ್ದು ಹೊಸ ಕಾನೂನುಗಳು ಜಾರಿಯಾದ 2024ರ ಜುಲೈ 1ಕ್ಕೆ ಮುಂಚೆ, ಹಾಗಾಗಿ ಅಪರಾಧದ ಕಲಂಗಳು ಐಪಿಸಿಯವೇ. ಅರ್ಜಿಯ ತಲೆಬರಹದಲ್ಲಿ ಯಾವ ಸಂಹಿತೆಯ ಸಂಖ್ಯೆ ಹಾಕಬೇಕೆಂಬುದನ್ನು ವಕೀಲರು ನೋಡಿಕೊಳ್ಳುತ್ತಾರೆ, ಅದರಿಂದ ಅಪೀಲು ಬಿದ್ದುಹೋಗುವುದಿಲ್ಲ. ಎಲ್ಲಿ ಹಾಕುವುದು ಎಂಬುದೂ ಮುಖ್ಯ. ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ, ಉತ್ತರ ಕನ್ನಡದ ತೀರ್ಪುಗಳು ಧಾರವಾಡ ಪೀಠಕ್ಕೆ ಹೋಗುತ್ತವೆ. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ವಿಜಯಪುರದವು ಕಲಬುರಗಿ ಪೀಠಕ್ಕೆ.

ಇನ್ನು ಅಪೀಲಿನ ಒಳಗಿನ ತಿರುಳು. ವಿಚಾರಣೆ ಒಂದೇ ಆದರೂ ಸಾಕ್ಷ್ಯವನ್ನು ಒಬ್ಬೊಬ್ಬ ಆರೋಪಿಗೂ ಬೇರೆಯಾಗಿ ತೂಗಬೇಕು. ಕೆಳಗಿನ ಕೋರ್ಟಿನ ತೀರ್ಪುಗಳು ಬಹಳ ಸಲ ಎಡವುವುದು ಇಲ್ಲೇ. ‘ಆರೋಪಿಗಳು ಬಂದರು, ಆರೋಪಿಗಳು ಹೊಡೆದರು’ ಎಂದು ಬಹುವಚನದಲ್ಲೇ ಓಡುತ್ತವೆ. ದೊಡ್ಡದೊಂದು ಹಾಳೆ ತೆಗೆದುಕೊಂಡು, ಎಡಕ್ಕೆ ಸಾಕ್ಷಿಗಳ ಸಂಖ್ಯೆ, ಮೇಲೆ ಎ1ರಿಂದ ಎ5 ಬರೆಯಿರಿ. ಪ್ರತಿ ಮನೆಯಲ್ಲಿ ಆ ಸಾಕ್ಷಿ ಆ ಆರೋಪಿಯ ಬಗ್ಗೆ ಹೇಳಿದ್ದೇನು, ಯಾವ ಪುಟ, ಯಾವ ಪ್ಯಾರಾ ಎಂದು ತುಂಬಿ. ಎ3 ಕೆಳಗಿನ ಮನೆಗಳು ಎಷ್ಟು ಖಾಲಿ ಇವೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಈ ಕೆಲಸಕ್ಕೆ ವಕೀಲರನ್ನೇ ಕಾಯಬೇಕಿಲ್ಲ, ಕನ್ನಡ ಓದಬಲ್ಲ ಮನೆಯವರೇ ಶುರು ಮಾಡಬಹುದು.

ತುಂಬುವಾಗ ಮೂರು ಕಡೆ ಹುಡುಕಿ: ದೂರಿನಲ್ಲಿ ಎ3 ಹೆಸರು ಮತ್ತು ಪಾತ್ರ ಇದೆಯೇ, ಪೊಲೀಸರ ಮುಂದೆ ಸಾಕ್ಷಿ ಕೊಟ್ಟ ಹೇಳಿಕೆಯಲ್ಲಿ ಇದೆಯೇ, ಕೋರ್ಟಿನ ಮುಖ್ಯ ವಿಚಾರಣೆಯಲ್ಲಿ ಏನು ಬಂದಿದೆ. ‘ಕೈ ಹಿಡಿದ’ ಎಂಬ ಮಾತು ಕೋರ್ಟಿನಲ್ಲೇ ಮೊದಲ ಸಲ ಬಂದಿದ್ದರೆ ಅದು ದೊಡ್ಡ ಅಂಶ. ಆದರೆ ಪೊಲೀಸ್ ಹೇಳಿಕೆಯಲ್ಲಿ ಆ ಮಾತು ಇಲ್ಲ ಎಂಬುದನ್ನು ಪಾಟೀಸವಾಲಿನಲ್ಲಿ ಆ ಸಾಕ್ಷಿಗೂ ಕೇಳಿರಬೇಕು, ತನಿಖಾಧಿಕಾರಿಯ ಬಾಯಿಂದಲೂ ಹೊರಡಿಸಿರಬೇಕು. ಒಂದು ಮಾಡಿ ಇನ್ನೊಂದು ಬಿಟ್ಟಿದ್ದರೆ ಹೈಕೋರ್ಟಿನಲ್ಲಿ ಅದರ ಬಲ ಕುಗ್ಗುತ್ತದೆ.

ಎ1ರ ‘ಸ್ವಇಚ್ಛಾ ಹೇಳಿಕೆ’ಯಲ್ಲಿ ತಮ್ಮನ ಹೆಸರಿದೆ ಎಂದು ಚಿಂತೆ ಪಟ್ಟಿದ್ದೀರಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಅದನ್ನು ಕೊಟ್ಟವನ ಮೇಲೇ ಸಾಕ್ಷ್ಯವಲ್ಲ, ಇನ್ನು ಎ3 ಮೇಲೆ ಎಲ್ಲಿಂದ ಬಂತು? ಆ ಹೇಳಿಕೆಯಿಂದ ವಸ್ತು ಪತ್ತೆಯಾಗಿದ್ದರೆ, ಪತ್ತೆಗೆ ಸಂಬಂಧಿಸಿದ ತುಣುಕು ಮಾತ್ರ ಹಳೆಯ ಸಾಕ್ಷ್ಯ ಕಾಯ್ದೆಯ 27ರ ಅಡಿ ಕೊಟ್ಟವನ ವಿರುದ್ಧ ನಿಲ್ಲುತ್ತದೆ. ಮ್ಯಾಜಿಸ್ಟ್ರೇಟ್ ಮುಂದೆ ಕೊಟ್ಟ ತಪ್ಪೊಪ್ಪಿಗೆಯ ಮಾತು ಬೇರೆ. ಒಂದೇ ಅಪರಾಧಕ್ಕೆ ಒಟ್ಟಿಗೆ ವಿಚಾರಣೆ ಆಗಿದ್ದರೆ ಅದನ್ನು 30ನೇ ಕಲಂ (ಹೊಸದರಲ್ಲಿ 24) ಅಡಿ ಸಹ ಆರೋಪಿಯ ವಿರುದ್ಧ ಗಮನಕ್ಕೆ ತೆಗೆದುಕೊಳ್ಳಬಹುದು. ಆಗಲೂ ಮೊದಲು ಬೇರೆ ಸಾಕ್ಷ್ಯ ನೋಡಬೇಕು, ಅದಕ್ಕೆ ಒತ್ತಾಸೆಯಾಗಿ ಮಾತ್ರ ಈ ತಪ್ಪೊಪ್ಪಿಗೆ. ಕಾಶ್ಮೀರಾ ಸಿಂಗ್ (ಎಐಆರ್ 1952 ಎಸ್‌ಸಿ 159) ಮತ್ತು ಹರಿಚರಣ ಕುರ್ಮಿ (ಎಐಆರ್ 1964 ಎಸ್‌ಸಿ 1184) ತೀರ್ಪುಗಳಿಂದ ಇದು ಗಟ್ಟಿಯಾಗಿ ನಿಂತ ಸೂತ್ರ. ತೀರ್ಪು ತಪ್ಪೊಪ್ಪಿಗೆಯಿಂದಲೇ ಶುರುವಾಗಿದ್ದರೆ ಅಪೀಲಿನ ಆಧಾರಗಳಲ್ಲಿ ಅದನ್ನೇ ಮೇಲೆ ಹಾಕಿ.

ಜಪ್ತಿ ಮಹಜರನ್ನೂ ಗಮನವಿಟ್ಟು ಓದಿ. ‘ಆರೋಪಿಗಳು ಮೂವರೂ ಕರೆದುಕೊಂಡು ಹೋಗಿ ತೋರಿಸಿದರು’ ಎಂದು ಒಟ್ಟಾಗಿ ಬರೆದಿದ್ದರೆ, ಯಾರು ಯಾವ ಮಾತು ಹೇಳಿದ್ದರಿಂದ ಯಾವ ವಸ್ತು ಸಿಕ್ಕಿತು ಎಂಬುದು ತಿಳಿಯುವುದಿಲ್ಲ. ಎ1 ತೋರಿಸಿದ ಜಾಗವನ್ನೇ ಆಮೇಲೆ ಎ3 ಕೈಲಿ ತೋರಿಸಿಸಿದ್ದರೆ ಅದು ಪತ್ತೆಯೇ ಅಲ್ಲ, ಗೊತ್ತಿದ್ದದ್ದನ್ನು ಮತ್ತೆ ಗೊತ್ತುಮಾಡಿಸಿದ್ದು. ಪಂಚರು (ಮಹಜರಿಗೆ ಸಹಿ ಹಾಕಿದ ಸಾಕ್ಷಿಗಳು) ಪ್ರತಿಕೂಲ ಸಾಕ್ಷಿಗಳಾಗಿದ್ದಾರೆಯೇ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಎ3ಯಿಂದ ಜಪ್ತಾದ ವಸ್ತುವಿನ ಬಗ್ಗೆ ಏನು ಹೇಳುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಬಹಳ ಮಂದಿ ಬಿಟ್ಟುಬಿಡುವ ಇನ್ನೊಂದು ಜಾಗ 313ರ ಹೇಳಿಕೆ, ಅಂದರೆ ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಗೆ ಕೇಳುವ ಪ್ರಶ್ನೆಗಳು. ಹಲವು ಆರೋಪಿಗಳಿದ್ದಾಗ ಒಂದೇ ಪ್ರಶ್ನಾವಳಿಯನ್ನು ಎಲ್ಲರಿಗೂ ಓದಿಬಿಡುವ ರೂಢಿ ಇದೆ. ತೀರ್ಪಿನಲ್ಲಿ ಎ3 ವಿರುದ್ಧ ಬಳಸಿದ ಒಂದೊಂದು ಸಂಗತಿಯೂ ಅವನ ಪ್ರಶ್ನೆಗಳಲ್ಲಿ ಸ್ಪಷ್ಟವಾಗಿ ಬಂದಿದೆಯೇ ಹೋಲಿಸಿ. ಬಂದಿಲ್ಲದಿದ್ದರೆ, ಅದರಿಂದ ಅವನಿಗೆ ಬಾಧಕವಾಗಿದೆ ಎಂದು ತೋರಿಸಿ ಆ ಸಂಗತಿಯನ್ನೇ ಪಕ್ಕಕ್ಕಿಡಿ ಎಂದು ಕೇಳಬಹುದು. ಇದನ್ನು ಮೊದಲ ಅಪೀಲಿನಲ್ಲೇ ಎತ್ತಿ. ತಡವಾದಷ್ಟೂ ‘ಇಷ್ಟು ದಿನ ಏಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಏಳುತ್ತದೆ.

ಈಗ ಖುಲಾಸೆಯ ವಿಷಯ. ಸಹ ಆರೋಪಿ ಖುಲಾಸೆಯಾದ ಮಾತ್ರಕ್ಕೆ ಉಳಿದವರು ತಾನಾಗಿಯೇ ಬಿಡುಗಡೆ ಆಗುವುದಿಲ್ಲ. ಸಾಕ್ಷಿಯ ಒಂದು ಮಾತು ಸುಳ್ಳಾದರೆ ಎಲ್ಲವೂ ಸುಳ್ಳು ಎಂಬ ನಿಯಮ ನಮ್ಮಲ್ಲಿಲ್ಲ, ಜೊಳ್ಳು ತೂರಿ ಕಾಳು ಉಳಿಸಿಕೊಳ್ಳುವ ಅಧಿಕಾರ ಕೋರ್ಟಿಗಿದೆ. ಆದರೆ ನಿಮ್ಮ ಕೇಸಿನಲ್ಲಿ ಅದೇ ಪ್ರತ್ಯಕ್ಷ ಸಾಕ್ಷಿ ‘ಎ3, ಎ4 ಇಬ್ಬರೂ ಕೈ ಹಿಡಿದಿದ್ದರು’ ಎಂದಿದ್ದಾರೆ, ಎ4 ಮಾತ್ರ ಖುಲಾಸೆ. ಒಂದೇ ಸಾಕ್ಷ್ಯ, ಒಂದೇ ಪಾತ್ರ ಇದ್ದಾಗ ಒಬ್ಬನನ್ನು ಬಿಟ್ಟು ಇನ್ನೊಬ್ಬನಿಗೆ ಶಿಕ್ಷೆ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ಜಾವೇದ್ ಶೌಕತ್ ಅಲಿ ಕುರೇಶಿ ಪ್ರಕರಣದಲ್ಲಿ ಹೇಳಿದೆ. ಎ4ನ್ನು ಬಿಡಲು ತೀರ್ಪು ಕೊಟ್ಟ ಕಾರಣದ ಪ್ಯಾರಾವನ್ನು ಹಾಗೇ ಎತ್ತಿ, ಪಕ್ಕದಲ್ಲಿ ಎ3 ಮೇಲಿನ ಸಾಕ್ಷ್ಯ ಇಡಿ. ಎ3 ಮೇಲೆ ಹೆಚ್ಚಿಗೆ ಜಪ್ತಿ ಇದ್ದರೆ ಸರ್ಕಾರಿ ವಕೀಲರು ಅದನ್ನೇ ಹಿಡಿಯುತ್ತಾರೆ. ಆದ್ದರಿಂದಲೇ ಮಹಜರಿನ ಬಗ್ಗೆ ಅಷ್ಟು ಒತ್ತಿ ಹೇಳಿದೆ. ಎ4 ಖುಲಾಸೆಯ ವಿರುದ್ಧ ಸರ್ಕಾರವಾಗಲಿ ಮೃತರ ಮನೆಯವರಾಗಲಿ ಅಪೀಲು ಹಾಕಿದ್ದಾರೆಯೇ ಎಂಬುದನ್ನೂ ವಿಚಾರಿಸುತ್ತಿರಿ, ಆ ಖುಲಾಸೆ ಬಿದ್ದರೆ ನಿಮ್ಮ ಈ ವಾದವೂ ಬೀಳುತ್ತದೆ.

149ರ ಬಗ್ಗೆ ನೀವು ಕೇಳಿಲ್ಲ, ಆದರೆ ನನಗೆ ಅತಿ ಮುಖ್ಯವಾಗಿ ಕಂಡದ್ದು ಅದೇ. ಅಕ್ರಮ ಕೂಟ ಆಗಬೇಕಾದರೆ ಕನಿಷ್ಠ ಐದು ಜನ ಬೇಕು. ಹೆಸರಿಸಿದ ಐವರಲ್ಲಿ ಇಬ್ಬರು ಖುಲಾಸೆಯಾದರೆ ಉಳಿದದ್ದು ಮೂವರು. ಇವರಲ್ಲದೆ ಬೇರೆ ಯಾರೋ ಇದ್ದರು ಎಂಬ ಆರೋಪವೂ ಸಾಕ್ಷ್ಯವೂ ಇದ್ದು, ನ್ಯಾಯಾಧೀಶರು ಹಾಗೆ ತೀರ್ಮಾನಿಸಿದ್ದರೆ ಮಾತ್ರ 149 ಉಳಿಯುತ್ತದೆ. ಮೋಹನ್ ಸಿಂಗ್ (ಎಐಆರ್ 1963 ಎಸ್‌ಸಿ 174) ಓದಿಸಿ. ಅಲ್ಲಿಗೇ ಗೆದ್ದೆವು ಎಂದುಕೊಳ್ಳಬೇಡಿ. ಹೈಕೋರ್ಟ್ 149ನ್ನು ತೆಗೆದು, ಸಾಕ್ಷ್ಯವಿದ್ದರೆ 34ರ ಸಮಾನ ಉದ್ದೇಶದ ಅಡಿ ಶಿಕ್ಷೆ ಉಳಿಸಬಹುದು, ಅದಕ್ಕೆ ಇಬ್ಬರಿದ್ದರೂ ಸಾಕು. ಹಾಗಾಗಿ ಅಪೀಲಿನಲ್ಲೇ ಎರಡನೇ ಸಾಲು ಸಿದ್ಧವಿರಲಿ: ಮುಂಚೆಯೇ ಮಾತಾಡಿಕೊಂಡದ್ದಕ್ಕೆ ಸಾಕ್ಷ್ಯ ಏನು, ಎ1 ಕೈಯಲ್ಲಿ ಮಚ್ಚಿದ್ದದ್ದು ಎ3ಗೆ ಯಾವಾಗ ಗೊತ್ತಾಯಿತು, ಹೊಡೆತ ಬಿದ್ದಮೇಲೆ ಎ3 ಏನು ಮಾಡಿದ.

ಜಾಮೀನಿಗೆ ಅಪೀಲಿನ ಜೊತೆಗೇ ಶಿಕ್ಷೆ ಅಮಾನತಿನ ಅರ್ಜಿ ಹಾಕಬೇಕು (ಹಳೆಯ 389, ಹೊಸ 430). ಜೀವಾವಧಿ ಕೇಸಿನಲ್ಲಿ ಸರ್ಕಾರಿ ಅಭಿಯೋಜಕರಿಗೆ ಲಿಖಿತ ಆಕ್ಷೇಪಣೆಗೆ ಅವಕಾಶ ಕೊಟ್ಟೇ ಆದೇಶ ಮಾಡುವುದು. ಇಲ್ಲಿ ಕೋರ್ಟು ಸಾಕ್ಷ್ಯವನ್ನು ಪೂರ್ತಿ ಕೆದಕುವುದಿಲ್ಲ. ಮೇಲ್ನೋಟಕ್ಕೇ ಎದ್ದು ಕಾಣುವ ದೋಷ ಬೇಕು. 149ರ ಅಂಶ ಮತ್ತು ಎ4 ಜೊತೆಗಿನ ಸಮಾನತೆ, ಎರಡೂ ಎರಡು ಪುಟದಲ್ಲಿ ಹೇಳಬಹುದಾದವು, ಅವನ್ನೇ ಮುಂದಿಡಿ. ಅವನು ವಿಚಾರಣೆ ವೇಳೆ ಜಾಮೀನಿನಲ್ಲಿದ್ದು ತಪ್ಪದೆ ಹಾಜರಾಗಿದ್ದರೆ ಅದನ್ನೂ, ಈಗಾಗಲೇ ಜೈಲಿನಲ್ಲಿ ಕಳೆದ ಅವಧಿಯನ್ನೂ ಬರೆಯಿರಿ. ದಂಡದ ವಸೂಲಿಗೂ ತಡೆ ಕೇಳಲು ಮರೆಯಬೇಡಿ. ಮೂವರಿಗೂ ಸೇರಿಸಿ ಒಂದೇ ಅರ್ಜಿ ಹಾಕಿದರೆ ಎ1ರ ಮಚ್ಚಿನ ಏಟಿಗೇ ಮೂವರದೂ ತಿರಸ್ಕಾರವಾಗುವ ಅಪಾಯ ಹೆಚ್ಚು. ಸಾಕ್ಷಿಗಳ ಹೇಳಿಕೆ ಕನ್ನಡದಲ್ಲಿದ್ದರೆ ಮುಖ್ಯವಾದ ಎರಡು-ಮೂರರ ಇಂಗ್ಲಿಷ್ ಅನುವಾದ ಮಾಡಿಸಿಟ್ಟುಕೊಳ್ಳಿ, ಕೆಳಗಿನ ಕೋರ್ಟಿನ ಕಡತ ಬರುವವರೆಗೆ ಅವೇ ಕೆಲಸಕ್ಕೆ ಬರುತ್ತವೆ.

ತಮ್ಮನ ಅಪೀಲಿನಲ್ಲಿ ಅವನ ಶಿಕ್ಷೆಯನ್ನು ಹೆಚ್ಚಿಸಲು ಬರುವುದಿಲ್ಲ, ಹೆಚ್ಚಿಸಬೇಕೆಂದರೆ ಸರ್ಕಾರ ಬೇರೆ ಅಪೀಲು ಹಾಕಬೇಕು. ಆ ಭಯಕ್ಕೆ ಸುಮ್ಮನಿರಬೇಡಿ. ಎ1 ಗೆದ್ದರೆ ನಮಗೂ ಸಿಗುತ್ತದೆ ಎಂದೂ ಕಾಯಬೇಡಿ. ಅಪೀಲು ಹಾಕದ ಸಹ ಆರೋಪಿಗೂ ಸುಪ್ರೀಂ ಕೋರ್ಟ್ ಅನುಕೂಲ ಕೊಟ್ಟದ್ದುಂಟು (ದಂಡು ಲಕ್ಷ್ಮಿ ರೆಡ್ಡಿ, 1999), ಆದರೆ ಪೂರಾ ಪ್ರಾಸಿಕ್ಯೂಷನ್ ಕಥೆಯೇ ಬಿದ್ದಾಗ ಅದು ಸಿಗುವುದು, ಅಲ್ಲಿಯವರೆಗೆ ಅವನು ಒಳಗೇ ಇರಬೇಕಾಗುತ್ತದೆ.

ಇದೇ ಪ್ರಶ್ನೆ ಇರುವ ಇತರರಿಗೊಂದು ಮಾತು. ಶಿಕ್ಷೆ ತೀರಾ ಸಣ್ಣದಾದ್ದರಿಂದ, ಉದಾಹರಣೆಗೆ ಸೆಷನ್ಸ್ ಕೋರ್ಟು ಮೂರು ತಿಂಗಳೊಳಗಿನ ಜೈಲು ಕೊಟ್ಟಿರುವುದರಿಂದ, ನಿಮಗೆ ಅಪೀಲು ಇಲ್ಲ ಎಂದು ಯಾರಾದರೂ ಹೇಳಿದರೆ ಹಳೆಯ 380, ಹೊಸ 421 ತೋರಿಸಿ. ಅದೇ ವಿಚಾರಣೆಯಲ್ಲಿ ದೋಷಿಯಾದ ಒಬ್ಬನಿಗೆ ಅಪೀಲು ಇದ್ದರೆ ಎಲ್ಲರಿಗೂ ಇದೆ.

ಖರ್ಚಿನ ವಿಷಯ: ಜೈಲಿನಲ್ಲಿರುವವನಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಅಡಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿ, ಇಲ್ಲವೇ ತಮ್ಮನಿಂದಲೇ ಜೈಲು ಅಧೀಕ್ಷಕರ ಮೂಲಕ ಅರ್ಜಿ ಕೊಡಿಸಿ. ನಿಮ್ಮದೇ ವಕೀಲರನ್ನು ಗೊತ್ತುಮಾಡಿದ್ದರೆ ಈ ವಾರವೇ ಹೊಸ ವಕಾಲತ್ತಿಗೆ ಜೈಲಿನಲ್ಲಿ ತಮ್ಮನ ಸಹಿ, ಅಧಿಕಾರಿಯ ದೃಢೀಕರಣ ಮಾಡಿಸಿ. ಸಹಿಗೆ ಮುಂಚೆ ಒಂದು ವಿಷಯ ಖಚಿತಪಡಿಸಿಕೊಳ್ಳಿ: ಎ1 ಕಡೆಯವರು ಅಷ್ಟರಲ್ಲೇ ಬಂದು ತಮ್ಮ ವಕೀಲರ ವಕಾಲತ್ತಿಗೆ ಅವನ ಸಹಿ ಪಡೆದುಕೊಂಡು ಹೋಗಿದ್ದರೆ, ಆ ವಕೀಲರಿಂದ ಎ3 ಹೆಸರನ್ನು ಬಿಡಿಸಿಕೊಂಡ ಮೇಲೆಯೇ ನಿಮ್ಮ ಅಪೀಲು ದಾಖಲಿಸಬೇಕು. ಒಬ್ಬನ ಹೆಸರಲ್ಲಿ ಎರಡು ಅಪೀಲು ಬಿದ್ದರೆ ಕಚೇರಿಯ ಆಕ್ಷೇಪಣೆ ಸರಿಪಡಿಸುವುದರಲ್ಲೇ ದಿನಗಳು ಹೋಗುತ್ತವೆ.